ಬಿರುಗಾಳಿ ಮೇಲೆ, ಹಡಗು ಕೆಳಗೆ

ತ್ಯಾವಣಿಗೆಯ ಮಕ್ಕಳಿಗೆ ಕೆರೆ ಎಂದರೆ ಸೂಳೆಕೆರೆ. ಪುಸ್ತಕದಲ್ಲಿ ಅದರ ಹೆಸರು ಶಾಂತಿಸಾಗರ. ಎರಡು ಗುಡ್ಡಗಳ ನಡುವೆ ಏರಿ ಹಾಕಿ ನೂರಾರು ವರ್ಷಗಳ ಹಿಂದೆ ಕಟ್ಟಿದ ಈ ಕೆರೆ ತುಂಬಿದಾಗ 20 ಚದರ ಕಿಲೋಮೀಟರಿಗೂ ಹೆಚ್ಚು ಜಾಗದಲ್ಲಿ ಹರಡಿಕೊಳ್ಳುತ್ತದೆ. ಉದ್ದಕ್ಕೆ ನೋಡಿದರೆ ಏಳೆಂಟು ಕಿಲೋಮೀಟರು. ಆಷಾಢದ ಗಾಳಿ ಎದ್ದರೆ ಅಲೆಗಳು ದಡದ ಕಲ್ಲಿಗೆ ಬಡಿಯುತ್ತವೆ, ಮೀನು ಹಿಡಿಯುವವರು ತೆಪ್ಪ ಇಳಿಸಲು ಹಿಂದೆಮುಂದೆ ನೋಡುತ್ತಾರೆ. ಆದರೂ ಈ ನೀರಿನಲ್ಲಿ ಸರಕು ಹಡಗೊಂದು ಬಿರುಗಾಳಿಗೆ ಸಿಕ್ಕಿ ಮುಳುಗಿತು ಎಂದರೆ ನೀವು ನಂಬುವುದಿಲ್ಲ. ನಂಬಬೇಡಿ, ಮುಳುಗಿಲ್ಲ. ಹಾಗೆ ಮುಳುಗಲು ಬೇಕಾದ ಒಂದು ವಸ್ತು ಸೂಳೆಕೆರೆಯಲ್ಲಿಲ್ಲ. ಅದು ಏನೆಂದು ತಿಳಿಯಬೇಕಾದರೆ ಇನ್ನೊಂದು ಸಿಹಿನೀರಿನ ಸರೋವರಕ್ಕೆ ಹೋಗಬೇಕು.

ಅಮೆರಿಕದ ಮಿಷಿಗನ್ ಸರೋವರ 494 ಕಿಲೋಮೀಟರ್ ಉದ್ದ, ಅಗಲವಾದ ಕಡೆ 190 ಕಿಲೋಮೀಟರ್. ಕರ್ನಾಟಕವನ್ನು ಮೂರು ಪಾಲು ಮಾಡಿದರೆ ಒಂದು ಪಾಲಿಗಿಂತ ಸ್ವಲ್ಪ ಚಿಕ್ಕದು. ಎರಡು ಸಾವಿರ ಸೂಳೆಕೆರೆಗಳನ್ನು ಅದರೊಳಗೆ ಹರಡಿದರೂ ಜಾಗ ಮಿಗುತ್ತದೆ. ನಡುವೆ ನಿಂತರೆ ಯಾವ ದಡವೂ ಕಾಣದು. ಆದರೆ ನೀರನ್ನು ಬೊಗಸೆಯಲ್ಲಿ ಎತ್ತಿ ನಾಲಿಗೆಗೆ ಮುಟ್ಟಿಸಿದರೆ ಉಪ್ಪಿಲ್ಲ. ಲಾರಿಗಳಿಲ್ಲದ ಕಾಲದಲ್ಲಿ ಮರದ ದಿಮ್ಮಿ, ಗೋಧಿ, ಕಬ್ಬಿಣದ ಅದಿರು ಎಲ್ಲವೂ ಈ ಸರೋವರದ ಮೇಲೆ ಸ್ಕೂನರ್ ಎಂಬ ಹಾಯಿಹಡಗುಗಳಲ್ಲಿ ಓಡಾಡುತ್ತಿದ್ದವು. ಸ್ಕೂನರ್‌ನ ಹಾಯಿಗಳು ಹಡಗಿನ ಉದ್ದಕ್ಕೆ ಕಟ್ಟಿದವು. ಅವನ್ನು ಎಳೆಯಲು ಬಿಡಲು ಬೆರಳೆಣಿಕೆಯಷ್ಟು ಜನ ಸಾಕು. ಕೂಲಿ ಉಳಿಯುತ್ತದೆಂದು ವ್ಯಾಪಾರಿಗಳಿಗೆ ಅವು ಅಚ್ಚುಮೆಚ್ಚು.

ಅಂಥ ಒಂದು ಹಡಗು ಎಫ್. ಜೆ. ಕಿಂಗ್. 1867ರಲ್ಲಿ ಒಹಾಯೊ ರಾಜ್ಯದ ಟೊಲಿಡೊದಲ್ಲಿ ಕಟ್ಟಿದ್ದು. ಪೂರ್ತಿ ಮರದ್ದು, ಮೂರು ಹಾಯಿಕಂಬ, ಉದ್ದ 144 ಅಡಿ, ಅಂದರೆ ಸುಮಾರು 44 ಮೀಟರ್. 1886ರ ಸೆಪ್ಟೆಂಬರಿನಲ್ಲಿ ಅದು ಎಸ್ಕನಾಬಾ ಬಂದರಿನಲ್ಲಿ ಕಬ್ಬಿಣದ ಅದಿರು ತುಂಬಿಕೊಂಡು ಷಿಕಾಗೊ ಕಡೆಗೆ ಹೊರಟಿತ್ತು. ಸಂಡೂರು, ಚಿತ್ರದುರ್ಗದ ಕಡೆ ಅದಿರಿನ ಲಾರಿಗಳನ್ನು ನೀವು ನೋಡಿರಬಹುದು. ತೊಟ್ಟಿ ಪೂರ್ತಿ ತುಂಬದಿದ್ದರೂ ಲಾರಿ ಏರಿನಲ್ಲಿ ಏದುಸಿರು ಬಿಡುತ್ತದೆ. ಒಳ್ಳೆಯ ಅದಿರಿನ ಗಟ್ಟಿ ಅಷ್ಟೇ ಗಾತ್ರದ ನೀರಿಗಿಂತ ಸುಮಾರು 5 ಪಟ್ಟು ಭಾರ. ಈ ಭಾರವನ್ನು ಸ್ವಲ್ಪ ನೆನಪಿಟ್ಟುಕೊಳ್ಳಿ.

ಸೆಪ್ಟೆಂಬರ್ 15ರಂದು ವಿಸ್ಕಾನ್ಸಿನ್ ರಾಜ್ಯದ ಡೋರ್ ಪರ್ಯಾಯದ್ವೀಪದ ಬಳಿ ಬಿರುಗಾಳಿ ಹಿಡಿಯಿತು. ಅಲೆಗಳು 8ರಿಂದ 10 ಅಡಿ ಎದ್ದವು. ಹಡಗಿನ ಹಲಗೆಗಳ ಸಂದು ಬಿಟ್ಟುಕೊಂಡಿತು. ಕ್ಯಾಪ್ಟನ್ ವಿಲಿಯಂ ಗ್ರಿಫಿನ್ ಮತ್ತು ಅವರ ಜನ ಗಂಟೆಗಟ್ಟಲೆ ಪಂಪು ಹೊಡೆದರು. ಹೊರಗೆ ಚೆಲ್ಲಿದ್ದಕ್ಕಿಂತ ಒಳಗೆ ಬಂದ ನೀರೇ ಹೆಚ್ಚಾಯಿತು. ನಡುರಾತ್ರಿ ಕಳೆದು 2 ಗಂಟೆಯ ಹೊತ್ತಿಗೆ ಎಲ್ಲರೂ ಕಿರುದೋಣಿಗೆ ಇಳಿದರು. ಅವರ ಕಣ್ಣೆದುರೇ ಹಡಗು ಮೂತಿ ಮುಂದಾಗಿ ಮುಳುಗಿತು. ಮುಳುಗುವಾಗ ಹಿಂಭಾಗದ ಕೋಣೆ ಕಿತ್ತುಹೋಗಿ ಕ್ಯಾಪ್ಟನ್ನರ ಕಾಗದಪತ್ರಗಳು 50 ಅಡಿ ಮೇಲಕ್ಕೆ ಹಾರಿದವಂತೆ. ಒಳಗೆ ಸಿಕ್ಕಿಕೊಂಡ ಗಾಳಿಯನ್ನು ಏರುತ್ತಿದ್ದ ನೀರು ಒತ್ತಿ ಒತ್ತಿ, ಅದು ಚಾವಣಿಯನ್ನೇ ಒಡೆದು ಹೊರಬಿದ್ದಿರಬೇಕು ಎಂದು ನನ್ನ ಎಣಿಕೆ. ಆಮೇಲೆ ಆ ದಾರಿಯಲ್ಲಿ ಬಂದ ಇನ್ನೊಂದು ಸ್ಕೂನರ್ ಕಿರುದೋಣಿಯವರನ್ನು ಎತ್ತಿಕೊಂಡು ಬೈಲೀಸ್ ಹಾರ್ಬರ್ ಎಂಬ ಊರಿಗೆ ಮುಟ್ಟಿಸಿತು.

ಈಗ ಸೂಳೆಕೆರೆಯಲ್ಲಿ ಇಲ್ಲದ ಆ ವಸ್ತುವಿಗೆ ಬರೋಣ. ಗಾಳಿ ನೀರಿನ ಮೈಯನ್ನು ಸವರಿಕೊಂಡು ಹೋಗುವಾಗ ಮೊದಲು ಸಣ್ಣ ಸುಕ್ಕು ಏಳುತ್ತದೆ. ಸುಕ್ಕು ಎದ್ದ ಮೇಲೆ ಗಾಳಿಗೆ ತಳ್ಳಲು ಒಂದು ಹಿಡಿ ಸಿಕ್ಕಂತಾಯಿತು, ಇನ್ನಷ್ಟು ತಳ್ಳುತ್ತದೆ. ಅಲೆ ಮುಂದೆ ಹೋಗುತ್ತಾ ಹೋಗುತ್ತಾ ಬೆಳೆಯುತ್ತದೆ. ಹಾಗಾಗಿ ಗಾಳಿಯ ವೇಗ, ಗಾಳಿ ಎಷ್ಟು ಹೊತ್ತು ಬೀಸಿತು, ಇವೆರಡರ ಜೊತೆಗೆ ಮೂರನೆಯದೊಂದು ಬೇಕು: ದಡದ ಅಡ್ಡಿಯಿಲ್ಲದೆ ಗಾಳಿ ಓಡಲು ಸಿಗುವ ನೀರಿನ ಬಯಲು. ಒಂದೇ ವೇಗದ ಗಾಳಿ ಬೇಕಾದಷ್ಟು ಹೊತ್ತು ಬೀಸುತ್ತಿದೆ ಎಂದುಕೊಳ್ಳಿ. ಆ ಬಯಲು 4 ಪಟ್ಟು ಉದ್ದವಾದರೆ ಅಲೆ ಸುಮಾರು 2 ಪಟ್ಟು ಎತ್ತರವಾಗುತ್ತದೆ. 25 ಪಟ್ಟು ಉದ್ದವಾದರೆ 5 ಪಟ್ಟು. ವರ್ಗಮೂಲ ಕಲಿತವರು ಇದನ್ನು ಬೇಗ ಹಿಡಿಯುತ್ತೀರಿ.

ಗಂಟೆಗೆ 54 ಕಿಲೋಮೀಟರ್ ವೇಗದ ಗಾಳಿ ಸೂಳೆಕೆರೆಯ 8 ಕಿಲೋಮೀಟರ್ ಓಡಿದರೆ ಅಲೆಯ ಎತ್ತರ ಮುಕ್ಕಾಲು ಮೀಟರು ದಾಟುವುದು ಕಷ್ಟ. ಅದೇ ಗಾಳಿ ಮಿಷಿಗನ್ ಮೇಲೆ 200 ಕಿಲೋಮೀಟರ್ ಓಡಿದರೆ ಮೂರು ಮೀಟರಿಗೂ ಹೆಚ್ಚು. ನೀರು ಸಿಹಿಯೋ ಉಪ್ಪೋ ಎಂದು ಗಾಳಿ ಕೇಳುವುದಿಲ್ಲ. ಎಷ್ಟು ದೂರ ಬಿಟ್ಟೀಯ ಎಂದು ಮಾತ್ರ ಕೇಳುತ್ತದೆ. ಮುಕ್ಕಾಲು ಮೀಟರಿನ ಅಲೆ ಹಡಗಿಗೆ ಏನೂ ಅಲ್ಲದಿದ್ದರೂ ತೆಪ್ಪವನ್ನು ಮಗುಚಲು ಧಾರಾಳ ಸಾಕು. ಗಾಳಿ ಎದ್ದ ದಿನ ಹೊನ್ನಾಳಿಯಲ್ಲಿ ತುಂಗಭದ್ರೆಯ ದಡದವರಾಗಲಿ ಸೂಳೆಕೆರೆಯವರಾಗಲಿ ನೀರಿಗಿಳಿಯಬೇಡಿ ಎಂದರೆ ಕೇಳಿ.

ಎತ್ತರಕ್ಕಿಂತಲೂ ಕಾಡುವುದು ಅಲೆಯ ಉದ್ದ. ಒಂದು ಅಲೆಯ ನೆತ್ತಿಯಿಂದ ಮುಂದಿನ ಅಲೆಯ ನೆತ್ತಿಯವರೆಗಿನ ದೂರವೇ ಅಲೆಯುದ್ದ. ಮಹಾಸಾಗರದಲ್ಲಿ ಬಹಳ ದೂರದಿಂದ ಬರುವ ಅಲೆಗಳು ಇನ್ನೂರು ಮೀಟರಿನಷ್ಟು ಉದ್ದವಿರಬಹುದು. ಅವುಗಳ ಮೇಲೆ ಹಡಗು ನಿಧಾನವಾಗಿ ಏರಿ ಇಳಿಯುತ್ತದೆ. ಸರೋವರದ ಅಲೆಗಳು ಗಿಡ್ಡ, ಕಡಿದು, ಒಂದರ ಹಿಂದೆ ಒಂದು. ಆರು ಸೆಕೆಂಡಿಗೊಮ್ಮೆ ಬರುವ ಅಲೆಯ ಉದ್ದ ಸುಮಾರು 56 ಮೀಟರ್. ಎಫ್. ಜೆ. ಕಿಂಗ್‌ನ ಉದ್ದ 44 ಮೀಟರ್. ಎರಡೂ ಹತ್ತಿರ ಹತ್ತಿರ, ತೊಂದರೆ ಇಲ್ಲೇ. ಒಂದು ಕ್ಷಣ ಹಡಗಿನ ನಡುವೆ ಅಲೆಯ ನೆತ್ತಿ ಬರುತ್ತದೆ, ಎರಡು ತುದಿಗಳಿಗೆ ಆಸರೆ ಕಡಿಮೆಯಾಗಿ ಅವು ಜೋತುಬೀಳುತ್ತವೆ. ಮೂರು ಸೆಕೆಂಡ್ ಕಳೆದರೆ ತುದಿಗಳು ಎರಡು ನೆತ್ತಿಗಳ ಕಡೆಗಿರುತ್ತವೆ, ಅದಿರು ತುಂಬಿದ ನಡು ತಗ್ಗಿನ ಮೇಲೆ ಕುಸಿಯುತ್ತದೆ. ಮೇಲಕ್ಕೆ ಬಾಗು, ಕೆಳಕ್ಕೆ ಬಾಗು. ಗಂಟೆಗೆ ಆರುನೂರು ಸಲ.

ಮರದ ಹಡಗು ಒಂದೇ ತುಂಡಲ್ಲ. ಹಲಗೆಗೆ ಹಲಗೆ ಜೋಡಿಸಿ, ಸಂದಿಯಲ್ಲಿ ನಾರು ತುರುಕಿ, ಮೇಲೆ ಡಾಂಬರಿನಂಥ ಅಂಟು ಬಳಿದು ನೀರು ತಡೆಯುತ್ತಾರೆ. ಹೀಗೆ ಬಾಗಿ ಬಾಗಿ ನಾರು ಸಡಿಲವಾಗಿ ಉದುರುತ್ತದೆ. 1886ರಲ್ಲಿ ಆ ಹಡಗಿಗೆ 19 ವರ್ಷ. ಸಂದು ಬಿಟ್ಟಿತೆಂದರೆ ಆಶ್ಚರ್ಯವಿಲ್ಲ.

ಮರ ತೇಲುತ್ತದಲ್ಲ, ಮತ್ತೆ ಮರದ ಹಡಗು ಯಾಕೆ ಮುಳುಗಿತು? ಈ ಪ್ರಶ್ನೆ ಕೇಳದ ತರಗತಿಯಿಲ್ಲ. ಹಡಗು ತನ್ನ ಒಡಲಿನಿಂದ ಎಷ್ಟು ನೀರನ್ನು ಪಕ್ಕಕ್ಕೆ ಸರಿಸುತ್ತದೋ ಆ ನೀರಿನ ತೂಕದಷ್ಟೇ ಬಲದಿಂದ ನೀರು ಅದನ್ನು ಮೇಲಕ್ಕೆ ಒತ್ತುತ್ತದೆ. ಖಾಲಿ ಜಾಗದ ಗಾಳಿಯೂ ಸೇರಿ ಇಡೀ ಒಡಲು ಜಾಗ ಹಿಡಿದಿರುವುದರಿಂದಲೇ ಅದಿರು ಹೊತ್ತ ಹಡಗು ತೇಲುತ್ತದೆ. ಗಾಳಿಯ ಜಾಗಕ್ಕೆ ನೀರು ಬಂದು ಕೂತ ಮೇಲೆ ಉಳಿಯುವುದು ಮರ ಮತ್ತು ಅದಿರು ಮಾತ್ರ. ಮರ ಮೇಲಕ್ಕೆ ಎಳೆಯುತ್ತದೆ, ಅದಿರು ಕೆಳಕ್ಕೆ. ಐದು ಪಟ್ಟು ಭಾರ ನೆನಪಿದೆಯಲ್ಲ, ಗೆಲ್ಲುವುದು ಯಾರೆಂದು ಲೆಕ್ಕ ಹಾಕಬೇಕಿಲ್ಲ. ದಿಮ್ಮಿ ತುಂಬಿದ ಹಡಗುಗಳು ಒಳಗೆ ನೀರು ತುಂಬಿದರೂ ಎಷ್ಟೋ ಸಲ ಅರ್ಧ ಮುಳುಗಿ ತೇಲುತ್ತಿದ್ದವು.

ನಮ್ಮ ಕಡೆಯೂ ಮರದ ಸರಕು ಹಡಗುಗಳಿವೆ, ಇಂದಿಗೂ ಓಡುತ್ತವೆ. ಮಂಗಳೂರಿನ ಹಳೆ ಬಂದರಿನಿಂದ ಲಕ್ಷದ್ವೀಪಕ್ಕೆ ಸಿಮೆಂಟು, ಜಲ್ಲಿ, ತರಕಾರಿ ಹೊತ್ತು ಹೋಗುವ ಮಂಜಿಗಳು ಆ ಜಾತಿಯವು. ಈಗ ಅವುಗಳಿಗೆ ಎಂಜಿನ್ ಇದೆ, ಕಾಗದದಲ್ಲಿ ಎಂಎಸ್‌ವಿ ಎಂದು ಹೆಸರು. 2025ರ ಮೇ 12ರಂದು ಎಂಎಸ್‌ವಿ ಸಲಾಮತ್ ಎಂಬ ಹಡಗು ಸಿಮೆಂಟು ಮತ್ತು ಕಟ್ಟಡದ ಸಾಮಾನು ಹೇರಿಕೊಂಡು ಮಂಗಳೂರಿನಿಂದ ಕಡಮತ್ ದ್ವೀಪಕ್ಕೆ ಹೊರಟಿತು. 14ರ ಬೆಳಗಿನ ಜಾವ ಒಳಗೆ ನೀರು ನುಗ್ಗಿ ಮುಳುಗಿತು. ಅದರಲ್ಲಿದ್ದ ಆರು ಜನ ಕಿರುದೋಣಿಗೆ ಹಾರಿಕೊಂಡರು. ಆ ದಾರಿಯಲ್ಲಿ ಹೋಗುತ್ತಿದ್ದ ಎಪಿಕ್ ಸುಸುಯಿ ಎಂಬ ಹಡಗಿನವರು ಮಧ್ಯಾಹ್ನದ ಹೊತ್ತಿಗೆ ಅವರನ್ನು ಕಂಡು ಸುದ್ದಿ ಕೊಟ್ಟರು. ಸುರತ್ಕಲ್‌ನಿಂದ 52 ನಾಟಿಕಲ್ ಮೈಲಿ, ಅಂದರೆ ಸುಮಾರು 96 ಕಿಲೋಮೀಟರ್ ನೈರುತ್ಯಕ್ಕೆ. ಕರಾವಳಿ ಕಾವಲು ಪಡೆಯ ವಿಕ್ರಮ್ ಹಡಗು ಹೋಗಿ ಆರೂ ಜನರನ್ನು ಎತ್ತಿಕೊಂಡು ಬಂತು. ಸಿಮೆಂಟೂ ಅದಿರಿನ ಹಾಗೆಯೇ, ನೀರಿಗಿಂತ ಭಾರ. 139 ವರ್ಷದ ಅಂತರದಲ್ಲಿ, ಭೂಮಿಯ ಎರಡು ಮೂಲೆಗಳಲ್ಲಿ ಜೀವ ಉಳಿಸಿದ್ದು ಒಂದು ಕಿರುದೋಣಿ ಮತ್ತು ದಾರಿಯಲ್ಲಿ ಹೋಗುತ್ತಿದ್ದ ಇನ್ನೊಂದು ಹಡಗು.

ಮಿಷಿಗನ್ ಸರೋವರದ ಇನ್ನೊಂದು ಸ್ಕೂನರ್‌ಗೆ ಆ ಪುಣ್ಯವಿರಲಿಲ್ಲ. ಅದರ ಹೆಸರು ರೌಸ್ ಸಿಮನ್ಸ್, 1868ರಲ್ಲಿ ಮಿಲ್ವಾಕಿಯಲ್ಲಿ ಕಟ್ಟಿದ್ದು. ಕ್ಯಾಪ್ಟನ್ ಹರ್ಮನ್ ಶೂನೆಮನ್ ಪ್ರತಿವರ್ಷ ಉತ್ತರದ ಕಾಡುಗಳಿಂದ ಕ್ರಿಸ್‌ಮಸ್ ಮರಗಳನ್ನು ತಂದು, ಷಿಕಾಗೊ ನದಿಯ ಕ್ಲಾರ್ಕ್ ಸ್ಟ್ರೀಟ್ ಸೇತುವೆಯ ಬಳಿ ಹಡಗಿನ ಮೇಲಿಂದಲೇ ಮಾರುತ್ತಿದ್ದರು. 1912ರ ನವೆಂಬರ್ 22ರಂದು ಥಾಂಪ್ಸನ್ ಬಂದರಿನಿಂದ ಹೊರಟಾಗ ಒಳಗೂ ಮರ, ಡೆಕ್ ಎಂಬ ಮೇಲಿನ ಅಟ್ಟದ ಮೇಲೂ ಮರ. ಮರುದಿನ ಮಧ್ಯಾಹ್ನ ಕೆವಾನಿ ಎಂಬಲ್ಲಿನ ರಕ್ಷಣಾ ಠಾಣೆಯವರಿಗೆ ದೂರದಲ್ಲಿ ಹಡಗೊಂದು ಕಂಡಿತು, ಬಾವುಟ ಕಂಬದ ಅರ್ಧದಲ್ಲಿ ಹಾರುತ್ತಿತ್ತು. ಅದು ಆಪತ್ತಿನ ಗುರುತು. ಅವರ ಬಳಿ ಎಂಜಿನ್ ದೋಣಿ ಇರಲಿಲ್ಲ. ದಕ್ಷಿಣಕ್ಕಿದ್ದ ಟೂ ರಿವರ್ಸ್ ಠಾಣೆಗೆ ಫೋನ್ ಮಾಡಿದರು, ಅಲ್ಲಿಂದ ದೋಣಿ ಹೊರಟಿತು. ಹಿಮ ಸುರಿಯುತ್ತಿತ್ತು, ಕತ್ತಲಾಗುತ್ತಿತ್ತು. ಹಡಗು ಸಿಗಲಿಲ್ಲ. ಅದರಲ್ಲಿದ್ದ ಒಬ್ಬರೂ ಉಳಿಯಲಿಲ್ಲ.

ನವೆಂಬರ್ ಅಲ್ಲಿ ಕೆಟ್ಟ ತಿಂಗಳು. ಬೇಸಿಗೆಯ ಬಿಸಿಯನ್ನು ಅಷ್ಟು ದೊಡ್ಡ ನೀರು ಬೇಗ ಬಿಟ್ಟುಕೊಡುವುದಿಲ್ಲ. ನೆಲ ತಣ್ಣಗಾದ ಮೇಲೂ ನೀರು ಬೆಚ್ಚಗಿರುತ್ತದೆ. ಉತ್ತರದಿಂದ ಕೊರೆಯುವ ಗಾಳಿ ಅದರ ಮೇಲೆ ಬಂದಾಗ ತಳದ ಗಾಳಿ ಬಿಸಿಯಾಗಿ ಮೇಲೇಳುತ್ತದೆ, ಬಿರುಗಾಳಿಗೆ ಇನ್ನಷ್ಟು ಕಸುವು ಬರುತ್ತದೆ. ಜೊತೆಗೆ, ಅಲೆ ಸಿಡಿದ ಹನಿಗಳು ಹಗ್ಗ, ಹಾಯಿ, ಮರದ ರಾಶಿಯ ಮೇಲೆ ಬಿದ್ದಲ್ಲೇ ಹೆಪ್ಪುಗಟ್ಟುತ್ತವೆ. ಒಂದು ಲೆಕ್ಕ ಮಾಡಿ. ಹಡಗಿನ ಅಟ್ಟ ಸುಮಾರು 250 ಚದರ ಮೀಟರ್ ಎನ್ನೋಣ. ಅದರ ಮೇಲೆ 5 ಸೆಂಟಿಮೀಟರ್ ದಪ್ಪ ಮಂಜುಗಡ್ಡೆ ಕೂತರೆ 12.5 ಘನಮೀಟರ್. ಒಂದು ಘನಮೀಟರ್ ಮಂಜುಗಡ್ಡೆ ಸುಮಾರು 917 ಕಿಲೋ. ಒಟ್ಟು ಹನ್ನೊಂದು ಟನ್ನಿಗೂ ಹೆಚ್ಚು! ಯಾರೂ ಹೇರದ ಸರಕು, ಅದೂ ಹಡಗಿನ ತಲೆಯ ಮೇಲೆ.

ತಲೆಭಾರ ಏನು ಮಾಡುತ್ತದೆಂದು ಮನೆಯಲ್ಲೇ ನೋಡಬಹುದು. ಬಕೆಟ್ಟಿನಲ್ಲಿ ನೀರು ತುಂಬಿ, ಒಂದು ಪ್ಲಾಸ್ಟಿಕ್ ಡಬ್ಬಿ ತೇಲಿಬಿಡಿ. ಒಳಗೆ ತಳದಲ್ಲಿ ಒಂದು ಮುಷ್ಟಿ ಜೇಡಿಮಣ್ಣು ಒತ್ತಿ. ಬೆರಳಿನಿಂದ ವಾಲಿಸಿದರೆ ಡಬ್ಬಿ ತಿರುಗಿ ನೆಟ್ಟಗಾಗುತ್ತದೆ. ಈಗ ಅದೇ ಮಣ್ಣನ್ನು ತೆಗೆದು, ಡಬ್ಬಿಯಲ್ಲಿ ನಿಲ್ಲಿಸಿದ ಪೆನ್ಸಿಲ್ಲುಗಳ ತುದಿಗೆ ಮೆತ್ತಿ. ಮಣ್ಣು ಅಷ್ಟೇ, ಡಬ್ಬಿ ಅದೇ. ಈ ಸಲ ಸ್ವಲ್ಪ ವಾಲಿಸಿದರೂ ಮಗುಚುತ್ತದೆ. ಈ ಪ್ರಯೋಗಕ್ಕೆ ಬಕೆಟ್ಟೇ ಸಾಕು, ಇದನ್ನು ನೆಪ ಮಾಡಿಕೊಂಡು ಭದ್ರಾ ನಾಲೆಯ ಹತ್ತಿರ ಹೋಗಬೇಡಿ.

ರೌಸ್ ಸಿಮನ್ಸ್ 59 ವರ್ಷ ಎಲ್ಲಿದೆಯೆಂದೇ ತಿಳಿಯಲಿಲ್ಲ. 1971ರಲ್ಲಿ ಕೆಂಟ್ ಬೆಲ್‌ರಿಚರ್ಡ್ ಎಂಬ ಮುಳುಗುಗಾರ ಟೂ ರಿವರ್ಸ್ ಊರಿನಾಚೆ ಸುಮಾರು 50 ಮೀಟರ್ ಆಳದಲ್ಲಿ ಅದನ್ನು ಕಂಡರು. ಒಳಗೆ ಕ್ರಿಸ್‌ಮಸ್ ಮರಗಳು ಇದ್ದವು. ಕೆಲವದರಲ್ಲಿ ಸೂಜಿಯೆಲೆಗಳೂ ಇದ್ದವು. ಮೇಲೆ ಹಡಗನ್ನು ಹೊಡೆದು ಮುಳುಗಿಸಿದ ನೀರು ಕೆಳಗೆ ಸೂಜಿಯೆಲೆಗಳನ್ನೂ ಉಳಿಸಿ ಇಟ್ಟುಕೊಂಡಿದ್ದು ಹೇಗೆ? ಈ ಬರಹ ಬರೆಯಬೇಕೆನಿಸಿದ್ದು ಈ ಪ್ರಶ್ನೆಯಿಂದಲೇ.

ಅಲೆ ಬಂದಾಗ ನೀರಿನ ಮೇಲೆ ಬಿದ್ದ ಎಲೆಯನ್ನು ಗಮನಿಸಿ. ಅಲೆ ದಡಕ್ಕೆ ಓಡಿತು, ಎಲೆ ಓಡಲಿಲ್ಲ. ಸ್ವಲ್ಪ ಮುಂದೆ, ಮೇಲೆ, ಹಿಂದೆ, ಕೆಳಗೆ ಆಡಿ ಹೆಚ್ಚುಕಮ್ಮಿ ಇದ್ದಲ್ಲಿಗೇ ಬಂತು. ಆಳವಾದ ನೀರಿನಲ್ಲಿ ನೀರಿನ ಕಣಗಳು ಹೀಗೆ ವೃತ್ತದಲ್ಲಿ ಸುತ್ತುತ್ತವೆ. ಕೆಳಗೆ ಹೋದ ಹಾಗೆ ವೃತ್ತ ಚಿಕ್ಕದಾಗುತ್ತದೆ. ಅಲೆಯುದ್ದದ ಅರ್ಧದಷ್ಟು ಆಳಕ್ಕೆ ಹೋದರೆ ಆಟ ಹೆಚ್ಚುಕಡಿಮೆ ನಿಂತೇಹೋಗುತ್ತದೆ. ಅಲೆಯುದ್ದ 60 ಮೀಟರ್ ಇದ್ದರೆ 30 ಮೀಟರ್ ಕೆಳಗೆ ಬಿರುಗಾಳಿಯ ಸುದ್ದಿಯೇ ಇಲ್ಲ. 50 ಮೀಟರಿನಲ್ಲಿ ಮಲಗಿದ ಹಡಗಿಗೆ ಮೇಲಿನ ಗಲಾಟೆ ಮುಟ್ಟುವುದು ಹೇಗೆ?

ಎರಡನೆಯದು ತಣ್ಣೀರು. ನೀರಿಗೆ ಒಂದು ವಿಚಿತ್ರ ಗುಣ: ಅದು ಅತಿ ಸಾಂದ್ರವಾಗಿರುವುದು 4 ಡಿಗ್ರಿ ಸೆಲ್ಸಿಯಸ್‌ನಲ್ಲಿ, ಸೊನ್ನೆಯಲ್ಲಲ್ಲ. ಚಳಿಗಾಲದಲ್ಲಿ ತಣ್ಣಗಾಗುವ ಮೇಲಿನ ನೀರು 4 ಡಿಗ್ರಿಗೆ ಬರುವ ತನಕ ಭಾರವಾಗಿ ಕೆಳಗಿಳಿಯುತ್ತದೆ. ಅದಕ್ಕಿಂತ ತಣ್ಣಗಾದರೆ ಹಗುರವಾಗಿ ಮೇಲೇ ನಿಲ್ಲುತ್ತದೆ. ಹಾಗಾಗಿ ಆಳದಲ್ಲಿ ವರ್ಷವಿಡೀ 4 ಡಿಗ್ರಿಯ ಆಸುಪಾಸು, ಫ್ರಿಜ್ಜಿನೊಳಗಿನ ಹಾಗೆ. ಮರವನ್ನು ಕೊಳೆಸುವ ಸೂಕ್ಷ್ಮಜೀವಿಗಳು ಅಲ್ಲಿ ಬಹಳ ನಿಧಾನ. ನಮ್ಮ ಕೆರೆಗಳ ಬೆಚ್ಚನೆ ಕೆಸರಿನಲ್ಲಿ ಅವಕ್ಕೆ ಹಬ್ಬ.

ಮೂರನೆಯದು, ಅಲ್ಲಿ ಇಲ್ಲದಿರುವ ಒಂದು ಪ್ರಾಣಿ. ಉಪ್ಪುನೀರಿನಲ್ಲಿ ಮರ ಕೊರೆಯುವ ಹುಳುವಿದೆ. ನೋಡಲು ಹುಳು, ಆದರೆ ನಿಜವಾಗಿ ಕಪ್ಪೆಚಿಪ್ಪಿನ ಬಳಗ. ತಲೆಯ ಕಡೆ ಇರುವ ಪುಟ್ಟ ಎರಡು ಚಿಪ್ಪುಗಳಿಂದ ಮರವನ್ನು ಅರದಂತೆ ತುರಿದು ತುರಿದು ಸುರಂಗ ಮಾಡುತ್ತದೆ. ಅದರ ಕಿವಿರಿನಲ್ಲಿ ಬದುಕುವ ಬ್ಯಾಕ್ಟೀರಿಯಾಗಳು ಆ ಮರದ ಪುಡಿಯನ್ನು ಜೀರ್ಣಿಸಲು ನೆರವಾಗುತ್ತವೆ. ಹೊರಗಿನಿಂದ ಹಲಗೆ ಚೆನ್ನಾಗಿಯೇ ಕಾಣುತ್ತಿರುತ್ತದೆ, ಒಳಗೆ ಜರಡಿ. ನಮ್ಮ ಕರಾವಳಿಯಲ್ಲಿ ದೋಣಿಯ ತಳಕ್ಕೆ ಗೇರುಬೀಜದ ಸಿಪ್ಪೆಯ ಎಣ್ಣೆ, ಮೀನೆಣ್ಣೆ ಬಳಿಯುತ್ತಿದ್ದದ್ದಕ್ಕೆ ಈ ಹುಳುವೂ ಒಂದು ಕಾರಣ. ಮಿಷಿಗನ್‌ನಂಥ ಸಿಹಿನೀರಿನಲ್ಲಿ ಇದು ಬದುಕದು. ಉಪ್ಪು ಬಹಳ ಕಡಿಮೆಯಿರುವ ಬಾಲ್ಟಿಕ್ ಸಮುದ್ರದ ಹೆಚ್ಚಿನ ಭಾಗದಲ್ಲಿಯೂ ಅಷ್ಟೇ. 1628ರಲ್ಲಿ ಸ್ಟಾಕ್‌ಹೋಮ್ ಬಂದರಿನಲ್ಲಿ ಮುಳುಗಿದ ವಾಸಾ ಎಂಬ ಯುದ್ಧನೌಕೆಯನ್ನು 1961ರಲ್ಲಿ ಹೆಚ್ಚುಕಡಿಮೆ ಇಡಿಯಾಗಿ ಮೇಲೆತ್ತಲು ಸಾಧ್ಯವಾಗಿದ್ದು ಹೀಗೆ. ಅರಬ್ಬೀ ಸಮುದ್ರದಲ್ಲಿ ಮುಳುಗಿದ ಮಂಜಿಗೆ ಆ ಭಾಗ್ಯ ಇಲ್ಲ.

ಎಫ್. ಜೆ. ಕಿಂಗ್ ಕಥೆ ಇನ್ನೂ ಮುಗಿದಿಲ್ಲ. ಅದನ್ನು ಹುಡುಕಿದವರು ಬಹಳ ಜನ, 1970ರ ದಶಕದಲ್ಲಿ ಒಂದು ಮುಳುಗುಗಾರರ ಕ್ಲಬ್ಬು ಸಾವಿರ ಡಾಲರ್ ಬಹುಮಾನವನ್ನೂ ಇಟ್ಟಿತ್ತು. ಕ್ಯಾಪ್ಟನ್ ಗ್ರಿಫಿನ್ ಹೇಳಿದ ಜಾಗ ದಡದಿಂದ 5 ಮೈಲಿ. ಅಲ್ಲಿ ಎಷ್ಟು ಹುಡುಕಿದರೂ ಏನಿಲ್ಲ. ಸಂಶೋಧಕ ಬ್ರೆಂಡನ್ ಬೈಲೋಡ್ ಹಳೆಯ ದಾಖಲೆ ತಿರುವಿದಾಗ ಇನ್ನೊಬ್ಬರ ಮಾತು ಸಿಕ್ಕಿತು. ಕೇನಾ ದ್ವೀಪದ ದೀಪಸ್ತಂಭ ನೋಡಿಕೊಳ್ಳುತ್ತಿದ್ದ ವಿಲಿಯಂ ಸ್ಯಾಂಡರ್ಸನ್, ಮುಳುಗಿದ ಸ್ಕೂನರ್‌ನ ಕಂಬಗಳ ತುದಿ ದಡಕ್ಕೆ ಹತ್ತಿರದಲ್ಲೇ ನೀರಿನ ಮೇಲೆ ಕಾಣುತ್ತಿದೆ ಎಂದು ತಿಳಿಸಿದ್ದರು. ಕತ್ತಲಲ್ಲಿ, ಜೀವಭಯದಲ್ಲಿ ದೂರ ಅಳೆದ ಕ್ಯಾಪ್ಟನ್ ಒಂದು ಕಡೆ, ಗಟ್ಟಿ ನೆಲದ ಮೇಲೆ ಹಗಲಲ್ಲಿ ನಿಂತು ನೋಡಿದವರು ಇನ್ನೊಂದು ಕಡೆ. ನೀವಾಗಿದ್ದರೆ ಯಾರನ್ನು ನಂಬುತ್ತಿದ್ದಿರಿ?

2025ರ ಜೂನ್ 28ರಂದು ಬೈಲೋಡ್ ಮತ್ತು ಜೊತೆಗಾರರು ದೀಪಸ್ತಂಭದವರ ಮಾತು ಹಿಡಿದು ಸೋನಾರ್ ಎಳೆದುಕೊಂಡು ಹೊರಟರು. ಸೋನಾರ್ ನೀರೊಳಗೆ ಶಬ್ದ ಬಿಟ್ಟು ಮರುದನಿ ಕೇಳುವ ಯಂತ್ರ. ತಣ್ಣನೆಯ ಸಿಹಿನೀರಿನಲ್ಲಿ ಶಬ್ದ ಸೆಕೆಂಡಿಗೆ 1,400 ಮೀಟರಿಗೂ ಹೆಚ್ಚು ಓಡುತ್ತದೆ, ಗಾಳಿಯಲ್ಲಿನ ಸುಮಾರು ನಾಲ್ಕು ಪಟ್ಟು. ಮರುದನಿ ಬರಲು ಹಿಡಿದ ಸಮಯದಿಂದ ದೂರ ಸಿಗುತ್ತದೆ, ಅಂಥ ಸಾವಿರಾರು ಮರುದನಿಗಳನ್ನು ಪಕ್ಕಪಕ್ಕ ಇಟ್ಟರೆ ತಳದ ಚಿತ್ರ. ಆ ದಿನದ ಚಿತ್ರದಲ್ಲಿ ಸುಮಾರು 140 ಅಡಿ ಉದ್ದದ ಆಕಾರವೊಂದು ಮೂಡಿತು. ಸ್ಯಾಂಡರ್ಸನ್ ಹೇಳಿದ ಜಾಗದಿಂದ ಅರ್ಧ ಮೈಲಿಯೂ ಇಲ್ಲ. ಅಷ್ಟು ಅದಿರಿನ ಭಾರಕ್ಕೆ ಒಡೆದು ಚೂರಾಗಿರುತ್ತದೆಂದು ಎಣಿಸಿದ್ದವರಿಗೆ ಒಡಲು ಇಡಿಯಾಗಿ ಸಿಕ್ಕಿತು.

ಮಿಷಿಗನ್ ತಳದ ಹಡಗುಗಳಿಗೆ ಈಗ ಹೊಸ ಅತಿಥಿಗಳು ಬಂದಿವೆ. ಕಪ್ಪು ಸಮುದ್ರದ ಸುತ್ತಮುತ್ತಲಿನ ಜೀಬ್ರಾ ಮತ್ತು ಕ್ವಾಗಾ ಎಂಬ ಬೆರಳುಗುರಿನಷ್ಟು ಚಿಪ್ಪುಜೀವಿಗಳು 1980ರ ದಶಕದ ಕೊನೆಯಲ್ಲಿ ಅಲ್ಲಿನ ಸರೋವರಗಳಿಗೆ ಸೇರಿಕೊಂಡವು. ದೊಡ್ಡ ಹಡಗುಗಳು ಸಮತೂಕಕ್ಕೆಂದು ತಳದಲ್ಲಿ ತುಂಬಿಕೊಳ್ಳುವ ನೀರಿನೊಂದಿಗೆ ಅವು ಸಾಗರ ದಾಟಿದ್ದು. ಇವು ಮರ ಕೊರೆಯುವುದಿಲ್ಲ, ಸಿಹಿನೀರಿನಲ್ಲಿ, ಚಳಿಯಲ್ಲಿ ಆರಾಮವಾಗಿವೆ. ನೀರನ್ನು ಸೋಸಿ ಸೋಸಿ ತಿಳಿ ಮಾಡುವುದರಿಂದ ಮುಳುಗುಗಾರರಿಗೆ ಹಡಗುಗಳು ದೂರದಿಂದಲೇ ಕಾಣುತ್ತವೆ. ಆದರೆ ಅವೇ ಹಲಗೆಗಳ ಮೇಲೆ ಪದರ ಪದರವಾಗಿ ಅಂಟಿಕೊಂಡು ಕೆತ್ತನೆ, ಮೊಳೆ, ಹೆಸರು ಎಲ್ಲವನ್ನೂ ಮುಚ್ಚುತ್ತವೆ, ತೂಕ ಹೇರುತ್ತವೆ, ಕಬ್ಬಿಣದ ಭಾಗಗಳು ಬೇಗ ಸವೆಯುವಂತೆ ಮಾಡುತ್ತವೆ. ಹಾಗಾಗಿ ವಿಸ್ಕಾನ್ಸಿನ್‌ನ ಪುರಾತತ್ವದವರು ಸಿಕ್ಕ ಪ್ರತಿ ಹಡಗನ್ನೂ ಎಲ್ಲ ಕಡೆಯಿಂದ ಸಾವಿರಾರು ಫೋಟೊ ತೆಗೆದು, ಕಂಪ್ಯೂಟರಿನಲ್ಲಿ ಸುತ್ತಿಸಿ ನೋಡಬಹುದಾದ ಮಾದರಿ ಮಾಡಿಡುವ ಅವಸರದಲ್ಲಿದ್ದಾರೆ.